ಗೋದಾ ನೋಡಿ ಬಂದ ಗಿಡ

ನನ್ನ ಅಜ್ಜಿಯ ಕಾಲು ಒತ್ತುವ ಹಕ್ಕು ನನ್ನೊಬ್ಬಳದೇ ಎಂದು ನಾನು ತಿಳಿದಿದ್ದೆ. ಕಾಲು ಒತ್ತಿದವರಿಗೆ ಕಥೆ. ಇದು ನಮ್ಮ ಮನೆಯ ರೂಢಿ. ಪುಣೆಯ ಶುಕ್ರವಾರ ಪೇಠೆಯ ಆ ವಾಡೆಯಲ್ಲಿ ಕೆಳಗಿನ ಖೋಲಿಗಳಲ್ಲಿ ನಾವು, ಮೇಲೆ ಅಂಚೆ ಕಚೇರಿಯ ರಾಘಣ್ಣನವರ ಸಂಸಾರ. ಕನ್ನಡ ಮಾತಾಡುವ ಮನೆಗಳು ಇವೆರಡೇ. ಹಾಗಾಗಿ ರಾಘಣ್ಣನವರ ಮಗಳು ಗೋದಾ ದೀಪ ಹಚ್ಚುವ ಹೊತ್ತಿಗೆ ದಡದಡ ಇಳಿದು ಬಂದು, ಯಾರನ್ನೂ ಕೇಳದೆ, ಅಜ್ಜಿಯ ಇನ್ನೊಂದು ಕಾಲು ಹಿಡಿದುಬಿಡುತ್ತಿದ್ದಳು.

ಅಜ್ಜಿ ಚನ್ನಬಸವ್ವ ಕಥೆ ಶುರು ಮಾಡಿದರೆ ನಾನು ಕಣ್ಣು ಮುಚ್ಚುತ್ತಿದ್ದೆ. ಏಳು ಸಮುದ್ರದಾಚೆಯ ರಾಜಕುಮಾರಿ ಹೆರಳು ಬಿಚ್ಚಿದರೆ ಅದು ನನ್ನ ಬೆನ್ನ ಮೇಲೆಯೇ ಜಾರಿದ ಹಾಗಾಗುತ್ತಿತ್ತು. ಗೋದಾ ಕಣ್ಣು ತೆರೆದುಕೊಂಡೇ ಕೇಳುವವಳು. ಅದೂ ಸಾಲದೆ ನಡುವೆ ಬಾಯಿ ಹಾಕುವವಳು.

"ಅಜ್ಜೀ, ರಾಕ್ಷಸಿ ಸತ್ತು ಹೂವಾಗಿ ಅರಳಿದ್ಲು ಅಂದ್ರಲ್ಲ, ಯಾವ ಹೂವು? ಬಳ್ಳೀದೋ, ಗಿಡದ್ದೋ?"

"ಏ ಮಾರಾಯ್ತಿ, ನಿನಗ ರಾಕ್ಷಸಿ ಬ್ಯಾಡ, ಬಳ್ಳಿ ಬೇಕೇನ?" ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು "ಮುಂದ ಏನಾತು?" ಎಂದಾಗ ಒಮ್ಮೆಯೂ ಹಾಗೆ ನಕ್ಕವಳಲ್ಲ.

ಆ ವರ್ಷ ನಾವಿಬ್ಬರೂ ಮ್ಯಾಟ್ರಿಕ್ ಪಾಸಾದೆವು. ಇಬ್ಬರಿಗೂ ಒಂದೇ ಕಾಲೇಜು ಬೇಕಾಗಿತ್ತು, ಒಂದೇ ವಿಷಯ ಬೇಕಾಗಿತ್ತು: ಸಸ್ಯಶಾಸ್ತ್ರ. ಅದು ಗೋದಾಳಿಗೆ ಬೇಕು ಎಂದು ಕೇಳಿದ ದಿನವೇ ನನಗೂ ಬೇಕಾಯಿತು ಎಂದರೆ ಸರಿಯಾದೀತು. ಆದರೆ ಸಾಯನ್ಸ್ ವರ್ಗದಲ್ಲಿ ಹುಡುಗಿಯರಿಗೆಂದು ಇಟ್ಟ ಜಾಗಗಳಲ್ಲಿ ಉಳಿದದ್ದು ಒಂದೇ.

ನಮ್ಮ ಅಪ್ಪ ಶಿವಪುತ್ರಪ್ಪನವರದು ರವಿವಾರ ಪೇಠೆಯಲ್ಲಿ ಅರಿವೆ ಅಂಗಡಿ. ಅವರು ಮಾತನ್ನೂ ಬಟ್ಟೆಯ ಹಾಗೆ ಅಳೆದು ಹರಿಯುವವರು.

"ಜಾಗಾ ಸಿಕ್ಕರ ಕಲಿ, ನಾ ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲಂದ್ರ ಬೈಲಹೊಂಗಲದವರಿಗೆ ಹೂಂ ಅಂತ ಬರೀತೀನಿ. ಹುಡುಗ ಛಲೋ ಇದ್ದಾನ, ಎಣ್ಣೀ ಗಿರಣಿ ಮನಿ."

ಕಾಲೇಜಿನವರು ಒಂದು ಹೊಸ ಪದ್ಧತಿ ಇಟ್ಟಿದ್ದರು. ಅಂಕವಷ್ಟೇ ಸಾಲದು, ಶಾಲೆಯ ಪಾಠದ ಹೊರಗೆ ಈ ವಿಷಯಕ್ಕಾಗಿ ನೀವಾಗಿ ಏನು ಮಾಡಿದ್ದೀರಿ, ತಂದು ತೋರಿಸಿ ಎಂದಿದ್ದರು. ಅಪ್ಪನಿಗೆ ಬಹಳ ಖುಷಿ. ಭಾಷಣದ ಸ್ಪರ್ಧೆಯ ಬೆಳ್ಳಿ ಬಟ್ಟಲು, ಲೇಜಿಮ್ ತಂಡದ ಪ್ರಶಸ್ತಿಪತ್ರ, ಹಾರ್ಮೋನಿಯಂ ಪರೀಕ್ಷೆಯದು, ಕಸೂತಿಯದು, ಎಲ್ಲವನ್ನೂ ಗೋಡೆಯಿಂದ ಇಳಿಸಿ ಒರೆಸಿಟ್ಟರು.

ಅಣ್ಣ ಗೂಳಪ್ಪ ಅವನ್ನು ನೋಡಿ, "ಭಾಳ ಛಲೋ ಆತು. ಬೇವಿನ ಗಿಡದ ಮುಂದ ನೀ ಲೇಜಿಮ್ ಆಡು, ಪ್ರೊಫೆಸರ್ ಹಾರ್ಮೋನಿಯಂ ಬಾರಸ್ತಾನ" ಎಂದ.

ಅವನ ಮೇಲೆ ಕಡಗೋಲು ಎಸೆದೆ. ಆದರೆ ಅವನ ಮಾತು ಚುಚ್ಚಿತು.

ಹೆಪ್ಪಿಗೆ ಮಜ್ಜಿಗೆ ಬೇಡುವ ನೆವ ಮಾಡಿಕೊಂಡು ಮೇಲೆ ಹೋದೆ. ಗೋದಾ ಬೀಸುವ ಕಲ್ಲನ್ನು ಎತ್ತಲಾರದೆ ಎತ್ತುತ್ತಿದ್ದಳು. ಅದರ ಕೆಳಗೆ ಹಳೆಯ ವರ್ತಮಾನಪತ್ರಿಕೆಗಳ ದಪ್ಪ ಕಟ್ಟು, ಮಡಿಕೆ ಮಡಿಕೆಯಲ್ಲೂ ಎಲೆ, ಕಾಯಿ, ತೊಗಟೆ.

"ಇದೇನs?"

"ಒಣಗಸ್ಲಿಕ್ಕೆ ಇಟ್ಟೀನಿ. ಸಣ್ಣಾಕಿ ಇದ್ದಾಗಿಂದ ಕೂಡಿಸ್ಲಿಕತ್ತೀನಲ್ಲ, ನಿನಗ ಗೊತ್ತಿಲ್ಲೇನು?"

"ಈ ಹೊಲಸ ಕಾಗದದ ಮ್ಯಾಲೇ ತೋರಸ್ತೀ?"

"ಎಲಿ ಕಾಣಿಸಿದ್ರ ಸಾಕಲ್ಲಾ, ಉಮಾ?"

ಅವಳ ಉಗುರುಗಳಲ್ಲಿ ಮಣ್ಣಿತ್ತು. ಮುಖದಲ್ಲಿ ಒಂದು ನಿಶ್ಚಿಂತೆ ಇತ್ತು. ಆ ನಿಶ್ಚಿಂತೆಯನ್ನು ಕಂಡು ನನಗೆ ಮೈ ಉರಿಯಿತು. ಮಜ್ಜಿಗೆ ಮರೆತು ಕೆಳಗೆ ಬಂದೆ.

ನಾನೂ ಎಲೆ ಕೂಡಿಸಿದೆ. ಅಪ್ಪ ದಂತದ ಬಣ್ಣದ ಹಾಳೆ ತಂದುಕೊಟ್ಟರು, ರೇಶಿಮೆಯ ಹೊದಿಕೆ ಹೊಲಿಸಿಕೊಟ್ಟರು. ಕಾಯಿಪಲ್ಲೆ ಸಂತೆಯಲ್ಲಿ ಪೂಜೆಯ ಪತ್ರಿ ಮಾರುವ ಮುದುಕಿ ಒಂದೊಂದು ಎಲೆಯನ್ನೂ ಹೆಸರು ಹೇಳಿ ಕೊಟ್ಟಳು. ಇಸ್ತ್ರಿ ಮಾಡಿ ಒಣಗಿಸಿ, ಅಂಟಿಸಿ, ಬಂಗಾರದ ಶಾಯಿಯಲ್ಲಿ ಹೆಸರು ಬರೆದೆ. ಮೊದಲ ಪುಟದ ಎಲೆಗೆ ಮಾತ್ರ ಮುದುಕಿಯ ಹಂಗು ಬೇಕಾಗಲಿಲ್ಲ. ದಸರೆಯ ಸಂಜೆ ನಮ್ಮವರು "ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣು" ಎಂದು ಹಿರಿಯರ ಕೈಗೆ ಎಲೆ ಕೊಟ್ಟು ನಮಸ್ಕರಿಸುತ್ತೇವೆ. ಹಾಗೆ ಬಂದ ಮೊದಲ ಎಲೆಯನ್ನು ಅಪ್ಪ ಅಂಗಡಿಯ ತಿಜೋರಿಯಲ್ಲಿ ಇಡುತ್ತಾರೆ. ಅದನ್ನೇ ಬೇಡಿ ತಂದೆ. ಎರಡು ದಳ ಕೂಡಿಸಿ ಹೊಲಿದಂಥ ಚೆಂದದ ಎಲೆ. ಕೆಳಗೆ "ಬನ್ನಿ" ಎಂದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದೆ.

ಸಂದರ್ಶನಕ್ಕೆ ಇಬ್ಬರನ್ನೂ ಒಟ್ಟಿಗೇ ಕರೆದು ಒಂದೇ ಬೆಂಚಿನ ಮೇಲೆ ಕೂರಿಸಿದರು. ಪ್ರೊಫೆಸರರು ವಯಸ್ಸಾದವರು, ಕನ್ನಡ ಓದಬಲ್ಲವರಾದರೂ ಮರಾಠಿಯಲ್ಲಿ ಮಾತಾಡಿಸಿದರು. ನನ್ನ ಬಟ್ಟಲು, ಪ್ರಶಸ್ತಿಪತ್ರಗಳನ್ನು ಒಂದು ಕಡೆ ಸರಿಸಿ ರೇಶಿಮೆಯ ಹೊದಿಕೆ ತೆರೆದರು.

"ಅಂದವಾಗಿದೆ," ಎಂದರು.

ನಾನು ಗೋದಾಳ ಕಡೆ ನೋಡಿದೆ. ಅವಳು ನನ್ನ ಮೊದಲ ಪುಟ ನೋಡಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಉರಿ ಹತ್ತಿತಲ್ಲ ಎಂದು ನನಗೆ ಹಿತವಾಯಿತು.

"ಬನ್ನಿ ಎಂದು ಬರೆದಿದ್ದೀ. ಅದರ ಕಥೆ ಗೊತ್ತೇ?"

ಗೊತ್ತೇ! ಐವರು ಅಣ್ಣತಮ್ಮಂದಿರು ಆಯುಧ ಬಚ್ಚಿಟ್ಟದ್ದು, ಹೆಣ ತೂಗಿಬಿಟ್ಟಿದ್ದೇವೆಂದು ಊರವರನ್ನು ಅಂಜಿಸಿದ್ದು, ಮುಳ್ಳಿಗೆ ಹೆದರಿ ಯಾರೂ ಹತ್ತದೆ ಹೋದದ್ದು, ಎಲ್ಲವನ್ನೂ ಅಜ್ಜಿಯ ಧಾಟಿಯಲ್ಲೇ ಹೇಳಿದೆ. ಅವರು ಪೂರ್ತಿ ಕೇಳಿದರು.

"ಚೆನ್ನಾಗಿ ಹೇಳುತ್ತೀ. ಆ ಮುಳ್ಳು ಹೇಗಿರುತ್ತದೆ? ನೀನು ಈ ಗಿಡವನ್ನು ಎಲ್ಲಿ ನೋಡಿದೆ?"

"ತಿಜೋರಿಯಲ್ಲಿ" ಎಂದುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ಜವಾನ ಕಿಸಕ್ಕನೆ ನಕ್ಕ. ಪ್ರೊಫೆಸರರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ಗೋದಾಳ ಕಟ್ಟು ಬಿಚ್ಚಿದಾಗ ಮೇಜಿನ ತುಂಬ ಮಣ್ಣು ಉದುರಿತು. ಒಂದು ಹಾಳೆಯಲ್ಲಿ ಎರಡು ಎಲೆ ಅಕ್ಕಪಕ್ಕ. ಒಂದು ನಾನು ಅಂಟಿಸಿದಂಥದೇ ಎಲೆ, ಅದರ ಕೆಳಗೆ "ಆಪಟಾ" ಎಂಬ ಮರಾಠಿ ಹೆಸರಿತ್ತು. ಇನ್ನೊಂದು ಹಕ್ಕಿಯ ಗರಿಯ ಹಾಗೆ ಸಣ್ಣ ಸಣ್ಣ ಎಲೆಗಳ ಟೊಂಗೆ, ಮೈಯೆಲ್ಲ ಮುಳ್ಳು. ಅದರ ಕೆಳಗೆ "ಬನ್ನಿ".

"ಇವೆರಡನ್ನು ಯಾಕೆ ಕೂಡಿಸಿದೆ?"

"ಇವಳ ಅಜ್ಜಿ ಕಥೆ ಹೇಳಿದ್ದರು. ಮುಳ್ಳಿನ ಗಿಡ ಅಂದರು. ದಸರೆಯಲ್ಲಿ ನಮ್ಮವರು ಕೊಡುವ ಟೊಂಗೆಗೆ ಮುಳ್ಳೇ ಇರಲಿಲ್ಲ. ಹಾಗಾದರೆ ಕಥೆಯ ಗಿಡ ಬೇರೆಯೇ ಅಂತ ಅಜ್ಜಿಯನ್ನೇ ಕೇಳಿದೆ, ಹೌದು ಅಂದರು, ಹುಡುಕಿದೆ. ಭಾಂಬುರ್ಡೆಯ ಹೊಲಗಳ ಆಚೆ ಒಂದು ಸಿಕ್ಕಿತು."

ನನ್ನ ಅಜ್ಜಿ. ನನ್ನ ಕಥೆ. ಅದರೊಳಗಿಂದ ಇವಳು ಒಂದು ಗಿಡ ಕಿತ್ತುಕೊಂಡು ಹೋಗಿದ್ದಳು! ಪ್ರೊಫೆಸರರ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಲ್ಲಿ ನೆಲ ಎಂಥದು, ಬೇರು ಕಂಡಿತೇ, ಹೂವು ಯಾವ ತಿಂಗಳು ಎಂದು ಅವರು ಕೇಳುತ್ತ, ಇವಳು "ಅದು ಗೊತ್ತಿಲ್ಲ, ನೋಡಬೇಕು" ಎನ್ನುತ್ತ, ಸಂದರ್ಶನ ಎನ್ನುವುದು ಮರೆತೇಹೋಗಿ ಇಬ್ಬರೂ ಹರಟೆಗೆ ಬಿದ್ದರು. ಬೆಂಚಿನ ಮೇಲೆ ನಾನೊಬ್ಬಳಿದ್ದೇನೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ಜಾಗ ಗೋದಾಳಿಗೆ ಹೋಯಿತು. ನನಗೆ ಅವರು ಹೇಳಿದ್ದಿಷ್ಟು: "ಬರುವ ವರ್ಷ ಬೇಕಾದರೆ ಬಾ, ಮಗೂ. ನೀನೇ ಕಂಡದ್ದನ್ನು ತಾ. ಒಂದೇ ಆದರೂ ಸಾಕು."

ಮನೆಗೆ ಬಂದವಳೇ ಅಜ್ಜಿಯ ಮೇಲೆ ಹಾರಿಬಿದ್ದೆ. "ನಾವು ಕೊಡೂದು ಬನ್ನಿ ಅಲ್ಲಂತ! ನಿನಗ ಗೊತ್ತಿತ್ತೇನ?"

"ಗೊತ್ತಿಲ್ಲೇನ ಮತ್ತ? ನಮ್ಮ ಊರಾಗ ಬನ್ನೀ ಮುಳ್ಳು ಮೆಟ್ಟೇ ದೊಡ್ಡಾಕಿ ಆಗೀನಿ. ಈ ಪುಣೇದ ಪೇಟ್ಯಾಗ ಮಂದಿ ಇದನ್ನ ಮಾರತಾರ, ನಾವು ಇದನ್ನ ಬನ್ನಿ ಅಂತ ಕೊಡತೀವಿ. ದೇವರಿಗೇನು, ನಡೀತದ."

"ನನಗ್ಯಾಕ ಹೇಳಲಿಲ್ಲ? ಆಕಿಗೆ ಹೇಳೀದಿ!"

"ಆಕಿ ಕೇಳಿದ್ಲು, ಹೇಳ್ದೆ. ನೀ ಎಲ್ಲಿ ಕೇಳ್ದಿ?" ಎಂದು ಅಜ್ಜಿ ಅಡಕೆ ಕತ್ತರಿಸತೊಡಗಿದಳು.

ಸೋಮವಾರ ಬೈಲಹೊಂಗಲಕ್ಕೆ ಬರೆಯುತ್ತೇನೆ ಎಂದರು ಅಪ್ಪ.

ಆ ಗಿಡವನ್ನು ಗೋದಾ ನೋಡಿದ್ದಾಳೆ, ನಾನು ನೋಡಿಲ್ಲ ಎಂಬುದೊಂದೇ ತಲೆಯಲ್ಲಿ ಕುದಿಯುತ್ತಿತ್ತು. ಮರುದಿನ ಬೆಳಿಗ್ಗೆ ಅವಳನ್ನು ಹೊರಡಿಸಿದೆ. ದಾರಿಯುದ್ದಕ್ಕೂ ಅವಳು ಅಪರಾಧ ಮಾಡಿದವಳ ಹಾಗೆ ನನ್ನ ಚೀಲ ಹೊತ್ತಳು, ನೀರು ಬೇಕೇ ಎಂದು ಕೇಳಿದಳು. ಅದೂ ಸಹನೆಯಾಗಲಿಲ್ಲ ನನಗೆ.

ಕಥೆಯ ಬನ್ನಿ ಮುಗಿಲಿಗೆ ಮುಟ್ಟಿತ್ತು. ಇದು ಬದುವಿನ ಮೇಲೆ ಸೊಟ್ಟಗೆ ನಿಂತ, ಬಣ್ಣಗೆಟ್ಟ ಗಿಡ. ಇಷ್ಟೇನಾ ಎಂದು ಟೊಂಗೆ ಎಳೆದೆ. ಬೆರಳಿಗೆ ಮುಳ್ಳು ನೆಟ್ಟಿತು. ಕೀಳುತ್ತ ನೋಡಿದರೆ, ಎಲೆಯ ದಂಟಿನ ಮೇಲೆ ಕಡಲೆಕಾಳಿನಂಥ ಹಸಿರು ಗಂಟುಗಳು. ಕಾಯಿಯೇನೋ ಎಂದುಕೊಂಡೆ. ಆದರೆ ಕಾಯಿ ಎಲೆಯ ದಂಟಿಗೆ ಹೇಗೆ ಬಿಡುತ್ತದೆ? ಗೋದಾಳ ಹಾಳೆಯಲ್ಲಿ ಇದು ಇರಲಿಲ್ಲ, ನನಗೆ ಚೆನ್ನಾಗಿ ನೆನಪಿತ್ತು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಅಕ್ಕಿನುಚ್ಚಿನಷ್ಟು ಬಿಳಿ ಹುಳ ಮಿಸುಕಾಡುತ್ತಿತ್ತು. ತೂತಿಲ್ಲ, ಬಾಗಿಲಿಲ್ಲ. ಒಳಗೆ ಹೊಕ್ಕಿದ್ದು ಹೇಗೆ? ಹೊರಗೆ ಬರುವುದು ಏನಾಗಿ?

ಎಷ್ಟು ಹೊತ್ತು ನೋಡುತ್ತ ನಿಂತೆನೋ. ಗಿಡದ ಆಚೆಯಿಂದ ಗೋದಾ ಕೂಗಿದಳು, "ಉಮಾ, ಏನರ ಸಿಕ್ಕತೇನು?"

"ಏನಿಲ್ಲ, ಮುಳ್ಳು ಚುಚ್ಚೇದ" ಎಂದೆ. ಗಂಟುಗಳಿದ್ದ ಟೊಂಗೆಯನ್ನು ಮುರಿದು ಸೆರಗಿನೊಳಗೆ ಸುತ್ತಿಕೊಂಡೆ.

ಸಂಜೆ ಅಪ್ಪ ಅಂಗಡಿಯಿಂದ ಬಂದು ಕಾಲು ತೊಳೆಯುವ ಮೊದಲೇ ಎದುರಿಗೆ ನಿಂತೆ.

"ಅಪ್ಪಾ, ಬೈಲಹೊಂಗಲಕ್ಕ ಬರೀಬ್ಯಾಡ್ರಿ. ಒಂದು ವರ್ಷ ತಡೀರಿ."

"ಯಾಕವಾ?"

"ಒಂದು ಹುಳ ದೊಡ್ಡದಾಗಬೇಕಾಗೇದ್ರಿ."

ಅಪ್ಪ ನನ್ನ ಹಣೆ ಮುಟ್ಟಿ ನೋಡಿದರು. ಗೂಳಪ್ಪ ಏನೋ ಅನ್ನಲು ಬಾಯಿ ತೆರೆದ. ಒಳಗಿಂದ ಅಜ್ಜಿ ಕೂಗಿದಳು, "ಎಂಥಾ ಹುಳನs? ಎಲ್ಲೆ ಇರತದ?"

"ಅಜ್ಜೀ, ಮೆಲ್ಲಕ!" ಎಂದು ಓಡಿಹೋಗಿ ಮೆಟ್ಟಿಲ ಕಡೆಯ ಬಾಗಿಲು ಹಾಕಿ ಅಗಳಿ ಜಡಿದೆ. ಗೋದಾ ಇಳಿದು ಬರುವ ಹೊತ್ತಾಗಿತ್ತು.