ಗಾರ್ಡ್ ಸಾಹೇಬರ ಗಾಳ

ಹುಟ್ಟಿದಾಗಿನಿಂದ ಒಂದು ತುಣುಕು ಮೀನನ್ನೂ ಬಾಯಿಗಿಡದ, ಮೀನಿನಂಗಡಿಯ ಮುಂದೆ ಹಾಯುವಾಗ ಮೂಗಿಗೆ ಕರವಸ್ತ್ರ ಒತ್ತಿಕೊಳ್ಳುವ ವಿಜಯಕುಮಾರನಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಮೀನು ಹಿಡಿಯುವ ಹುಚ್ಚು ಹತ್ತಿತು. ಅದೂ ಊರ ಪಕ್ಕದ ಕೆರೆಯಲ್ಲಲ್ಲ. ಲಕ್ಷದ್ವೀಪದಲ್ಲಿ, ಸಮುದ್ರದಲ್ಲಿ, ಮೊಣಕಾಲುದ್ದ ನೀಲಿ ನೀರಿನಲ್ಲಿ ನಿಂತುಕೊಂಡು!

ಹುಚ್ಚು ಹಿಡಿಸಿದವಳು ಮಗಳು ಪಿಂಕಿ. ಮಣಿಕೊಂಡದಲ್ಲಿ ಹಲ್ಲಿನ ಡಾಕ್ಟರು. ನಿವೃತ್ತಿಯಾದ ಅಪ್ಪ ಮಲ್ಕಾಜ್‌ಗಿರಿಯ ಮನೆಯಲ್ಲಿ ಹೊತ್ತು ಹೋಗದೆ, ದೂರದಲ್ಲಿ ಹಾಯುವ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತ ಕೂರುವುದನ್ನು ನೋಡಲಾರದೆ ಒಂದು ವಿಡಿಯೊ ತೋರಿಸಿದ್ದಳು. ಅದರಲ್ಲಿ ಒಬ್ಬ ಮನುಷ್ಯ ಉದ್ದನೆಯ ಕೋಲು ಹಿಡಿದು ದಾರವನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸುತ್ತಿದ್ದ. ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ, ತುದಿಗೆ ಪುಕ್ಕದಿಂದ ಕಟ್ಟಿದ್ದ ಸುಳ್ಳು ಹುಳ ಮೆಲ್ಲಗೆ ನೀರಿಗಿಳಿಯುತ್ತಿತ್ತು. ಅದು ನಿಜವೆಂದು ಮೀನು ಮೋಸಹೋಗಬೇಕು. ಸಿಕ್ಕ ಮೀನಿನ ಫೋಟೊ ತೆಗೆದು ಮತ್ತೆ ನೀರಿಗೇ ಬಿಡಬೇಕು. "ಇದಕ್ಕ ಫ್ಲೈ ಫಿಶಿಂಗ್ ಅಂತಾರಪ್ಪಾ. ಯಾರೂ ಸಾಯಂಗಿಲ್ಲ, ಯಾರೂ ತಿನ್ನಂಗಿಲ್ಲ," ಎಂದಿದ್ದಳು ಪಿಂಕಿ.

ಮೂವತ್ತನಾಲ್ಕು ವರ್ಷ ಗೂಡ್ಸ್ ಗಾಡಿಯ ಕಡೆಯ ಡಬ್ಬಿಯಲ್ಲಿ ಗಾರ್ಡ್ ಆಗಿ ಹಸಿರು ಬಾವುಟ ಬೀಸಿದ ಕೈ ಅದು. ವಿಡಿಯೊ ಮುಗಿಯುವ ಮೊದಲೇ ಅವನ ಮಣಿಕಟ್ಟು ತಾನಾಗಿ ಅಲ್ಲಾಡತೊಡಗಿತ್ತು.

ಕೋಲು ಬಂತು, ದಾರದ ಸುರುಳಿ ಬಂತು. ಮೀನಿಗೆ ನೋವಾಗದಿರಲೆಂದು ಪಿಂಕಿ ಹಲ್ಲು ಕೀಳುವ ಇಕ್ಕಳದಿಂದಲೇ ಗಾಳಗಳ ಅಡ್ಡಮುಳ್ಳನ್ನೆಲ್ಲ ಒತ್ತಿ ಚಪ್ಪಟೆ ಮಾಡಿಕೊಟ್ಟಳು. ವಿಮಾನ ಯಾವುದು, ದೋಣಿ ಎಷ್ಟು ಗಂಟೆಗೆ, ನೀರಿಳಿತ ಯಾವಾಗ, ಎಲ್ಲ ವಿಜಯಕುಮಾರನಿಗೆ ಕಂಠಪಾಠವಾಯಿತು. ಸ್ನಾನಕ್ಕೆ ಹೋದರೆ ಬಕೆಟ್ಟಿನಲ್ಲಿ ಮೀನು ಕಾಣುತ್ತಿತ್ತು.

ಒಂದೇ ಒಂದು ಬಾಕಿ. ಹೆಂಡತಿ ಪಾರ್ವತಿಬಾಯಿ ಒಪ್ಪಬೇಕು. ಹೋಗಿ ಬನ್ನಿ ಎಂದರೆ ಸಾಲದು, ತಾನೂ ಜೊತೆಗೆ ಬರಬೇಕು. ಅವಳಿಲ್ಲದ ದ್ವೀಪ ಅವನಿಗೆ ಬೇಕಿರಲಿಲ್ಲ. ಆದರೆ ದಿನಾ ಲಿಂಗಪೂಜೆಯಾಗದೆ ನೀರು ಮುಟ್ಟದವಳ ಎದುರು ಮೀನಿನ ಹೆಸರೆತ್ತುವ ಗಂಡಸು ಹುಟ್ಟಬೇಕಷ್ಟೆ. ಎರಡು ವಾರ ಕನ್ನಡಿಯ ಮುಂದೆ ಮಾತು ರೂಢಿಮಾಡಿಕೊಂಡು, ಒಂದು ಭಾನುವಾರ ಮಂಡಕ್ಕಿಯ ಸುಸಲಾ ತಿನ್ನುವಾಗ ಬಾಯಿಬಿಟ್ಟ.

"ಪಾರೂ, ಎಲ್ಲೆರ ಹೋಗಿ ಬರೂಣೇನ? ಸಮುದ್ರ... ದ್ವೀಪ..."

"ರಾಮೇಶ್ವರ ಏನ್ರಿ?" ಪಾರ್ವತಿಬಾಯಿಯ ಮುಖ ಇಷ್ಟಗಲ ಅರಳಿತು.

ಅರಳಿದ ಆ ಮುಖ ನೋಡಿ ಗಾರ್ಡ್ ಸಾಹೇಬರ ಧೈರ್ಯ ಹಳಿ ತಪ್ಪಿತು. "ಹೂಂ," ಎಂದುಬಿಟ್ಟ ಪುಣ್ಯಾತ್ಮ.

ಆ ಬಳಗದಲ್ಲಿ ಗಂಡ ಹೆಂಡತಿ ಇಬ್ಬರೇ ಯಾತ್ರೆಗೆ ಹೋಗುವ ಪದ್ಧತಿಯಿಲ್ಲ. ಹೋದರೆ ಜನ ಏನಂದಾರು? ಪಾರ್ವತಿಬಾಯಿಗಂತೂ ಯಾರಿಗೂ ಬೇಡ ಅಂದು ಗೊತ್ತೇ ಇಲ್ಲ. ಸಂಜೆಯೊಳಗೆ ಕಲಬುರಗಿಗೆ, ಬೀದರಿಗೆ, ಹುಮನಾಬಾದಿಗೆ ಫೋನು ಹೋಯಿತು. ಗುರುವಾರದ ಹೊತ್ತಿಗೆ ಅಕ್ಕತಂಗಿಯರು, ನಾದಿನಿಯರು, ಹಾಸಿಗೆ ಸಮೇತ ಬಂದ ಒಬ್ಬ ಚಿಗವ್ವ, ಒಟ್ಟು ಒಂಬತ್ತು ಹೆಂಗಸರು ಮನೆಯಲ್ಲಿ ಠಿಕಾಣಿ ಹೂಡಿದ್ದರು. ದಂಡಿನ ಮುಂದಾಳು ಲಿಂಗಂಪಲ್ಲಿಯ ತಂಗಿ ಶೋಭಾ. ಮುನ್ನೂರು ಖಡಕ್ ರೊಟ್ಟಿ, ನಂಚಿಕೊಳ್ಳಲು ಎರಡು ಡಬ್ಬಿ ಶೇಂಗಾ ಹಿಂಡಿ ಎಂದು ಅವಳೇ ಹುಕುಂ ಹೊರಡಿಸಿದಳು. ಮನೆಯ ತುಂಬ ರೊಟ್ಟಿ ಬಡಿಯುವ ಸದ್ದು. ಆ ಸದ್ದು ವಿಜಯಕುಮಾರನಿಗೆ ನೇರ ಎದೆಯ ಮೇಲೇ ಬಡಿದಂತಾಗುತ್ತಿತ್ತು.

ಸಂಕಟ ತಾಳಲಾರದೆ ಅವನು ಕೋಲು ಹಿಡಿದು ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಮರೆಗೆ ನಿಂತ. ನಾಲ್ಕು ಸಲ ಬೀಸಿದ್ದೇ ತಡ, ಸಂಕಟ ಮರೆತೇಹೋಯಿತು. ಎಂಥ ಹಿತ! ದಾರ ಹಿಂದಕ್ಕೆ ಹೋಗಿ, ಕ್ಷಣ ನಿಂತು, ಸುಂಯ್ ಎಂದು ಮುಂದಕ್ಕೆ ಬರುತ್ತಿತ್ತು. ಬೀಸುವ ಮೊದಲು ಹಿಂದೆ ನೋಡಬೇಕೆಂದು ಪಿಂಕಿ ಹತ್ತು ಸಲ ಹೇಳಿದ್ದಳು. ಹಿಂದೆ ಶೋಭಾ ತಲೆಯೆತ್ತರ ರೊಟ್ಟಿ ಹೊತ್ತು ಬಿಸಿಲಿಗೆ ಹರಡಲು ಬರುತ್ತಿದ್ದಳು.

ದಾರ ಬಿಗಿಯಿತು. ಕೋಲು ಬಾಗಿತು. ಆರು ತಿಂಗಳಿಂದ ಕನಸಿನಲ್ಲಿ ಕಂಡ ಜಗ್ಗಾಟ ಕೈಗೆ ಸಿಕ್ಕಾಗ ಅವನು ಮೈಮರೆತು, "ಸಿಕ್ಕಿತು!" ಎಂದು ಕೂಗಿಯೇ ಬಿಟ್ಟ.

"ಅಯ್ಯಯ್ಯೋ ಅಕ್ಕಾ! ಯಾರೋ ನನ್ನ ಸೆರಗ ಜಗ್ಗಾಕತ್ತಾರ!"

ರೊಟ್ಟಿಗಳು ಮಾಳಿಗೆಯ ತುಂಬ ಚೆಲ್ಲಾಪಿಲ್ಲಿಯಾದವು. ಉಳಿದ ಎಂಟು ಜನ ಧಡಧಡ ಮೆಟ್ಟಿಲು ಹತ್ತಿ ಬಂದರು. ವಿಜಯಕುಮಾರ ಓಡಿ ಬಂದು ಗಾಳವನ್ನು ಸೆರಗಿನಿಂದ ಸಲೀಸಾಗಿ ಬಿಡಿಸಿ, ಎಲ್ಲರಿಗೂ ಎತ್ತಿ ತೋರಿಸಿದ. "ನೋಡ್ರಿ, ಅಡ್ಡಮುಳ್ಳ ಇಲ್ಲ ಇದಕ. ಸೀರಿ ಹರದಿಲ್ಲ. ಮೀನಿಗೂ ಹಿಂಗ, ಏನೂ ಆಗಂಗಿಲ್ಲ!"

"ಮೀನಾ?" ಒಂಬತ್ತು ಬಾಯಿಂದ ಒಮ್ಮೆಲೇ ಬಂತು.

ಹತ್ತನೆಯವಳು ಪಾರ್ವತಿಬಾಯಿ ಕಡೆಯ ಮೆಟ್ಟಿಲಲ್ಲಿ ನಿಂತಿದ್ದಳು. ಇನ್ನು ಮುಚ್ಚಿಡುವುದೇನು? ರಾಮೇಶ್ವರವಲ್ಲ, ಲಕ್ಷದ್ವೀಪ, ಹಿಡಿದ ಮೀನು ಮತ್ತೆ ನೀರಿಗೇ ಎಂದು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಶೋಭಾ ಹಣೆ ಬಡಿದುಕೊಂಡಳು. ಪಾರ್ವತಿಬಾಯಿ ಮಾತ್ರ, "ಕೆಳಗ ಬರ್ರಿ," ಎಂದಳು.

ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅವಳು ಕೇಳಿದಳು. "ಕೊರಳಾಗ ಲಿಂಗ, ಕೈಯಾಗ ಗಾಳ. ಮ್ಯಾಲ ಹೆಂಡ್ತಿಗೆ ಸುಳ್ಳ. ಚಲೋ ಆತಲ್ರಿ?"

"ತಪ್ಪಾತು ಪಾರೂ. ನಿನ್ನ ಮುಖ ನೋಡಿ ಅಲ್ಲ ಅನ್ನಾಕ ಬಾಯಿ ಬರಲಿಲ್ಲ." ಅವನು ಕಪಾಟಿನಿಂದ ದ್ವೀಪಕ್ಕೆ ಹೋಗುವ ಪರವಾನಗಿಯ ಅರ್ಜಿಗಳನ್ನು ತೆಗೆದು ಕೊಟ್ಟ. ಎರಡಿದ್ದವು. ಎರಡನೆಯದರಲ್ಲಿ ಅವಳ ಹೆಸರು, ಅವಳ ಫೋಟೊ. ಸಹಿಯ ಜಾಗ ಮಾತ್ರ ಖಾಲಿ.

ಪಾರ್ವತಿಬಾಯಿ ಫೋಟೊವನ್ನು ಕಣ್ಣ ಹತ್ತಿರ ಹಿಡಿದಳು. "ಇದೇನ್ರಿ, ನನ್ನ ಬಾಜೂಕ ಶೋಭಾನ ಕಿವಿ ಬಂದೈತಿ?"

"ಬಳಗದ ಮದುವಿ ಫೋಟೊದಾಗಿಂದ ಕತ್ತರಿಸೀನಿ. ನೀ ಒಬ್ಬಾಕಿನೇ ಇರೂ ಫೋಟೊ ಮನಿಯಾಗ ಒಂದೂ ಸಿಗಲಿಲ್ಲ." ಅವನು ಅವಳ ಪಕ್ಕಕ್ಕೆ ಬಂದು ನಿಂತ. "ಮೂವತ್ನಾಕು ವರ್ಷ ನಾ ಕಡೀ ಡಬ್ಬಿಯಾಗ ಒಬ್ಬನೇ ಕುಂತು ಹೋದೆ. ನೀ ನನ್ನ ರೇಲ್ವೆ ಪಾಸಿನ ಮ್ಯಾಲ ಊರ ಮಂದೀನೆಲ್ಲಾ ಕರ್ಕೊಂಡು ತಿರುಗಿದಿ. ನಾವಿಬ್ಬರೇ ಕೂಡಿ ಒಂದ ಗಾಡಿಯಾಗ ಕುಂತಿಲ್ಲ. ಮೀನ ಸಿಗಲಿ ಬಿಡಲಿ, ನನಗ ನಿನ್ನ ಜೋಡಿ ಹೋಗೂದೈತಿ."

ಪಾರ್ವತಿಬಾಯಿ ಬಹಳ ಹೊತ್ತು ಆ ಕಿವಿಯನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿದವು. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಾಳೆಂದು ಅವನು ಗಾಬರಿಯಾದರೆ ಅವಳು ನಗುತ್ತಿದ್ದಳು, ತಡೆಯಲಾರದೆ, ಗೋಡೆ ಹಿಡಿದುಕೊಂಡು. "ಶೋಭಾ ಗಾಳಕ್ಕ ಬಿದ್ದಾಗ ಅದೇನಂತ ಒದರಿದ್ರಿ? ಸಿಕ್ಕಿತು?" ಅವನಿಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕುಸಿದರು.

"ಎಲ್ಲಿ ಸಹಿ ಮಾಡಬೇಕು, ತೋರಸ್ರಿ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಇಬ್ಬರೂ ಮತ್ತೆ ಮಾಳಿಗೆ ಹತ್ತಿದಾಗ ಒಂಬತ್ತು ಜನ ಬಿಸಿಲಿನಲ್ಲಿ ಸಾಲಾಗಿ ಕೂತು ಕಾಯುತ್ತಿದ್ದರು. ಪಾರ್ವತಿಬಾಯಿ ಸೆರಗು ಸಿಕ್ಕಿಸಿಕೊಂಡು ಹೇಳಿದಳು. "ರಾಮೇಶ್ವರ ನಿಲ್ಲಂಗಿಲ್ಲ. ಪಿಂಕಿ ಟಿಕೀಟ ತಗಸ್ತಾಳ, ನೀವೆಲ್ಲಾ ಹೋಗಿ ಬರ್ರಿ. ನಾ ಇವರ ಜೋಡಿ ಮೀನ ಬಿಡಾಕ ಹೊಂಟೀನಿ."

ಮೊದಲು ಚೇತರಿಸಿಕೊಂಡವಳು ಶೋಭಾ.

"ಮೀನ ಬಿಡೂದಂದ್ರ ಪುಣ್ಯದ ಕೆಲಸನೇ ಆತಲ್ಲ ಅಕ್ಕಾ! ನಾವೂ ಬರ್ತೀವಿ!"

"ಹೌದ್ಹೌದು, ನಾವೂ ಬರ್ತೀವಿ," ಎಂದಳು ಚಿಗವ್ವ. ಒಂಬತ್ತು ಮುಖಗಳೂ ಒಟ್ಟಿಗೆ ಅರಳಿದವು.

ವಿಜಯಕುಮಾರನ ಜೀವ ಬಾಯಿಗೆ ಬಂತು. ಈ ಮುಖಗಳ ಎದುರು ಇವಳು ಇನ್ನೇನು ಹೂಂ ಅನ್ನುತ್ತಾಳೆ, ಮುಗಿಯಿತು ಎಂದುಕೊಂಡ. ಪಾರ್ವತಿಬಾಯಿ ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಗಂಡನ ಕೈ ಹಿಡಿದುಕೊಂಡಳು, ಎಲ್ಲರ ಮುಂದೆ.

"ಬ್ಯಾಡ," ಎಂದಳು. "ನಾವಿಬ್ಬರೇ ಹೋಗ್ತೀವಿ."