ಮನವಿಯ ಹಿಂಬದಿ

"ಮಾವಾ, ಇದೇನಿದು?"

ಸಣ್ಣ ಕಾರ್ಖಾನೆಗಳ ಸಂಘದ ಕಾರ್ಯದರ್ಶಿಯ ಗಂಟಲಿನಿಂದ ಹೊರಟದ್ದು ಪ್ರಶ್ನೆಯೋ ಬಿಕ್ಕಳಿಕೆಯೋ ಅವಳಿಗೇ ತಿಳಿಯಲಿಲ್ಲ. ಮಾಲಿನ್ಯ ತಡೆ ಸಮಿತಿಯ ಸಭಾಂಗಣದ ಹೊರಗಿನ ಬೆಂಚಿನ ಮೇಲೆ ಕುಳಿತು, ಪುಟಗಳು ಸರಿಯಾಗಿವೆಯೇ ಎಂದು ಕೊನೆಯ ಸಲ ನೋಡಲು ಹೋಗಿ ಮನವಿಯನ್ನು ಮಗುಚಿದ್ದಳು. ಇಪ್ಪತ್ತೆರಡು ಹಾಳೆ. ಮುಂಬದಿಯಲ್ಲಿ ಅವಳು ಮೂರು ತಿಂಗಳು ತಿದ್ದಿ ತೀಡಿದ ವಾಕ್ಯಗಳು. ಹಿಂಬದಿಯಲ್ಲಿ ಕೆಂಪು, ಹಳದಿ, ನೇರಳೆ ಚುಕ್ಕೆಗಳು. ಒಂದೊಂದರ ಸುತ್ತಲೂ ಒಣಗಿದ ನೀರಿನ ಬಳೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು.

ಅವಳ ಸೋದರಮಾವ, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆಯ ಒಡೆಯ, ಆದ್ದರಿಂದ ಊರಿಗೆಲ್ಲ ಬಣ್ಣದ ಮಾವ, ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ.

"ಓ, ಇದಾ? ಪರೀಕ್ಷೆ ಕಣೇ. ಸೋಸೋ ಕಾಗದ ಖಾಲಿಯಾಗಿತ್ತು. ನಿನ್ನ ಕಾಗದ ಎಷ್ಟು ಚೆನ್ನಾಗಿ ಹೀರುತ್ತೆ! ಎಲ್ಲಿ ತಗೊಂಡೆ?"

"ಇದು ಮನವಿ ಮಾವಾ!"

"ಮನವಿ ಆ ಕಡೆ ಇದೆಯಲ್ಲ. ಈ ಕಡೆ ಖಾಲಿ ಬಿದ್ದಿತ್ತು."

ತಪ್ಪು ಅವಳದೂ ಇತ್ತು. ಘನತೆಯಿರಲಿ ಎಂದು ದಪ್ಪನೆಯ ಹತ್ತಿ ಕಾಗದ ಕೊಂಡವಳು ಅವಳೇ. ಸಂಘದ ಹನ್ನೊಂದು ಕಾರ್ಖಾನೆಗಳ ಒಡೆಯರಲ್ಲಿ ಹತ್ತು ಮಂದಿ ಒಂದೇ ದಿನದಲ್ಲಿ ಸಹಿ ಹಾಕಿ ಕೊಟ್ಟಿದ್ದರು. ಬಣ್ಣದ ಮಾವ ಓದದೆ ಸಹಿ ಹಾಕುವವನಲ್ಲ, ದಿನಕ್ಕೊಂದು ಪುಟಕ್ಕಿಂತ ಹೆಚ್ಚು ಓದುವವನೂ ಅಲ್ಲ. ಹೀಗಾಗಿ ಮನವಿ ಮೂರು ವಾರಕ್ಕೂ ಮೀರಿ ಅವನ ಮೇಜಿನ ಮೇಲೆ, ಬಣ್ಣದ ತೊಟ್ಟಿಯಿಂದ ಮೂರು ಮಾರು ದೂರದಲ್ಲಿ, ವನವಾಸ ಮಾಡಿತ್ತು. ಇವತ್ತು ಬೆಳಿಗ್ಗೆ ಲಕೋಟೆಗೆ ಹಾಕಿ ಅವನೇ ಹೊತ್ತು ತಂದಿದ್ದ.

ಬೇರೆ ಪ್ರತಿ ತೆಗೆಯೋಣವೆಂದರೆ ಹನ್ನೊಂದು ಸಹಿಗಳಿರುವುದು ಇದೊಂದರಲ್ಲೇ. ಸಹಿಯ ಮೂಲಪ್ರತಿಯಿಲ್ಲದೆ ಸಮಿತಿ ಮಾತೇ ಆಡುವುದಿಲ್ಲ. ಕೊಳೆನೀರಿಗೆ ಸ್ವಂತ ಶುದ್ಧೀಕರಣ ಘಟಕವಿಲ್ಲದ ಕಾರ್ಖಾನೆಗಳು ಈ ವರ್ಷದ ಕೊನೆಗೆ ಬಾಗಿಲು ಹಾಕಬೇಕು. ಹನ್ನೊಂದು ಸಣ್ಣ ಕಾರ್ಖಾನೆಗಳಿಗೂ ಸೇರಿ ಒಂದೇ ಘಟಕ ಕಟ್ಟಲು ಅನುಮತಿ ಸಿಗಬೇಕಾದರೆ ಅದು ಇವತ್ತೇ ಸಿಗಬೇಕು. ಮುಂದಿನ ಸಭೆ ಬರುವುದು ಮುಂದಿನ ವರ್ಷ. ಅಷ್ಟರಲ್ಲಿ ಮಾವನ ನಲವತ್ತು ಕೆಲಸಗಾರರು ಮನೆಯಲ್ಲಿರುತ್ತಾರೆ.

"ಇದು ರಸಾಯನ ಅಲ್ಲ, ರಸಾಭಾಸ," ಎಂದು ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು.

ಪಕ್ಕದಲ್ಲಿ ಕುಳಿತಿದ್ದ ಸೋಪಿನಕ್ಕ, ಸೋಪಿನ ಕಾರ್ಖಾನೆಯೊಡತಿ, ಸಂಘದ ಮುಖ್ಯಸ್ಥೆ, ಅವಳ ಬೆನ್ನು ತಟ್ಟಿದಳು. "ಬಿಡೇ. ಅಧ್ಯಕ್ಷೆ ಮೇಡಂ ಮುಂಬದಿನೇ ಓದಲ್ಲ, ಇನ್ನು ಹಿಂಬದಿ ನೋಡ್ತಾರಾ?" ಎಂದು ಬೆನ್ನು ನೆಟ್ಟಗೆ ಮಾಡಿ, ಮೂಗಿನ ತುದಿಯಿಂದ ನೋಡುತ್ತ, ಅಧ್ಯಕ್ಷೆಯ ದನಿಯನ್ನೇ ತೆಗೆದಳು: "'ಸಂಕ್ಷಿಪ್ತವಾಗಿ ಹೇಳಿ... ಇನ್ನೂ ಸಂಕ್ಷಿಪ್ತವಾಗಿ... ಆಯ್ತು, ಹೊರಡಿ.'"

ಬಾಗಿಲು ಕಾಯುತ್ತಿದ್ದ ಜವಾನ ನಗು ತಡೆಯಲು ಗೋಡೆಯ ಕಡೆ ತಿರುಗಿದ.

"ಹೌದೂ, ನಿನ್ನ ತಲೆಬರಹದಲ್ಲಿ 'ಸ್ಪರ್ಧಾತ್ಮಕ ಮತ್ತು ಸುಸ್ಥಿರ' ಅಂತಿದೆಯಲ್ಲ, ಸುಸ್ಥಿರ ಅಂದ್ರೆ ಏನೇ? ಸುಸ್ತಾಗಿ ಸ್ಥಿರವಾಗಿ ಕೂರೋದಾ?"

"ಅಕ್ಕಾ, ಒಳಗೆ ಮಾತ್ರ ಹೀಗೆ ಕೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಜವಾನ ಕರೆದ. ಮೂವರೂ ಒಳಗೆ ಹೋದರು.

ಉದ್ದನೆಯ ಮೇಜಿನ ಆಚೆ ನಾಲ್ವರು ಸದಸ್ಯರು, ನಡುವೆ ಅಧ್ಯಕ್ಷೆ. ಕಾರ್ಯದರ್ಶಿ ಮನವಿಯನ್ನು ಮುಂದಿಟ್ಟು, ಅದರ ಮೇಲೆ ಮೊಣಕೈ ಊರುವಷ್ಟು ಹತ್ತಿರ ನಿಂತು ಮಾತು ಶುರುಮಾಡಿದಳು. ಎರಡನೆಯ ವಾಕ್ಯಕ್ಕೇ ಅಧ್ಯಕ್ಷೆ ಕೈ ಎತ್ತಿದರು.

"ಸಂಕ್ಷಿಪ್ತವಾಗಿ ಹೇಳಿ."

ಸೋಪಿನಕ್ಕನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ನೀರಿಗೆ ಬಿಡೋ ಕೊಳೆ ಕಡಿಮೆ ಮಾಡಿದೀವಿ ಅಂತ ಬರೆದಿದೀರಿ. ಪುರಾವೆ?"

"ಐದನೇ ಪುಟದಲ್ಲಿ ಸರಾಸರಿ ಕೊಟ್ಟಿದೀವಿ ಮೇಡಂ."

"ಸರಾಸರಿ ಎಲ್ಲರೂ ತರ್ತಾರೆ. ಬೆಳಿಗ್ಗೆಯಿಂದ ನಾಲ್ಕು ಸರಾಸರಿ ನೋಡಿದೀನಿ, ಎಲ್ಲವೂ ಸರಾಸರಿಗಿಂತ ಚೆನ್ನಾಗಿವೆ." ಅಧ್ಯಕ್ಷೆ ಮನವಿಯನ್ನು ಎಳೆದುಕೊಂಡು ಐದನೆಯ ಹಾಳೆಯನ್ನು ಮಗುಚಿದರು. ಕೈ ನಿಂತಿತು. "ಇದೇನು?"

ಬಣ್ಣ ಬಯಲಾಯಿತು ಎಂಬ ಮಾತು ಇಂಥ ಗಳಿಗೆಗೆಂದೇ ಹುಟ್ಟಿರಬೇಕು. ಕಾರ್ಯದರ್ಶಿ ಬಾಯಿ ತೆರೆಯುವಷ್ಟರಲ್ಲಿ ಮಾವ ಮೇಜಿನ ಪಕ್ಕಕ್ಕೆ ಬಂದಾಗಿತ್ತು.

"ಪರೀಕ್ಷೆ ಮೇಡಂ. ತೊಟ್ಟಿಯಿಂದ ಒಂದು ಹನಿ ತೆಗೆದು ಕಾಗದದ ಮೇಲೆ ಬಿಡ್ತೀವಿ. ಬಣ್ಣ ನಡುವೆ ಉಳಿಯುತ್ತೆ, ನೀರು ಹರಡುತ್ತೆ. ಆ ನೀರಿನ ಅಂಚಿಗೆ ಇನ್ನೊಂದು ದ್ರಾವಣ ಮುಟ್ಟಿಸ್ತೀವಿ. ಗೆರೆ ಮೂಡಿದ್ರೆ ಕಚ್ಚಾ ಸರಕು ಪೂರ್ತಿ ಬಣ್ಣ ಆಗಿಲ್ಲ ಅಂತ ಲೆಕ್ಕ. ಹಾಗೆ ಉಳಿದದ್ದೆಲ್ಲ ನೀರಿನ ಜೊತೆ ಹೋಗುತ್ತೆ. ದಪ್ಪ ಗೆರೆ, ಹೆಚ್ಚು ಕೊಳೆ. ಸಣ್ಣ ಗೆರೆ, ಕಮ್ಮಿ ಕೊಳೆ."

ಅಧ್ಯಕ್ಷೆ ಹಾಳೆಗಳನ್ನು ಒಂದೊಂದಾಗಿ ಮಗುಚತೊಡಗಿದರು. ಸದಸ್ಯರು ಕುರ್ಚಿ ಬಿಟ್ಟೆದ್ದು ಅವರ ಹಿಂದೆ ಗುಂಪುಗೂಡಿದರು. ಮೊದಲ ಹಾಳೆಯ ಗೆರೆ ಬೆರಳಗಲ. ನಾಲ್ಕನೆಯದರಲ್ಲಿ ಅರ್ಧ. ಎಂಟನೆಯದರಲ್ಲಿ ನೂಲಿನಷ್ಟು.

"ಹೇಗೆ ಕಡಿಮೆ ಆಯ್ತು?"

"ತೊಟ್ಟಿ ತಣ್ಣಗಿರಲಿ ಅಂತ ಐಸ್ ಜಾಸ್ತಿ ಹಾಕಿದೆ, ದ್ರಾವಣ ಸುರಿಯೋದು ನಿಧಾನ ಮಾಡಿದೆ. ಅಷ್ಟೇ. ನೀರಿಗೆ ಹೋಗ್ತಿದ್ದ ಸರಕು ಬಣ್ಣವಾಗಿ ಉಳೀತು. ಈಗ ದೊಡ್ಡ ಕಂಪನಿಯವರ ಬೆಲೆಗೆ ನಾನೂ ಮಾರಬಲ್ಲೆ."

ಸ್ಪರ್ಧಾತ್ಮಕ, ಎಂದುಕೊಂಡಳು ಕಾರ್ಯದರ್ಶಿ. ಇದೇ ಮಾತಿಗೆ ನಾನು ಏಳು ಪುಟ ಬರೆದಿದ್ದೆ.

ಒಂಬತ್ತನೆಯ ಹಾಳೆ. ಅಧ್ಯಕ್ಷೆಯ ಬೆರಳು ಒಂದು ನೇರಳೆ ಚುಕ್ಕೆಯ ಮೇಲೆ ನಿಂತಿತು. "ಇದರಲ್ಲಿ ಮತ್ತೆ ದಪ್ಪ ಇದೆಯಲ್ಲ?"

ಕಾರ್ಯದರ್ಶಿ ಮಾವನ ಕಾಲು ತುಳಿದಳು. ಮಾವ ಕಾಲನ್ನು ಸರಿಸಿಕೊಂಡ.

"ಅವತ್ತು ಐಸಿನ ಗಾಡಿ ಬರಲಿಲ್ಲ. ನಿಲ್ಲಿಸಬೇಕಿತ್ತು, ಅವಸರ ಬಿದ್ದೆ. ತೊಟ್ಟಿ ಬಿಸಿಯಾಗಿ ಅರ್ಧ ಸರಕು ಕೆಟ್ಟು ನಾಲೆಗೆ ಹೋಯ್ತು." ಆ ಚುಕ್ಕೆಯನ್ನೇ ನೋಡುತ್ತ, "ಹೋಗಬಾರದಿತ್ತು," ಎಂದ.

ಸೋಪಿನಕ್ಕನಿಗೆ ಈ ಸಲ ಕೆಮ್ಮೂ ಬರಲಿಲ್ಲ. ಆಯಿತು, ಎಲ್ಲವೂ ನಾಲೆ ಪಾಲು, ಎಂದು ಕಾರ್ಯದರ್ಶಿ ಲಕೋಟೆಗಾಗಿ ಕೈ ಚಾಚಿದಳು.

ಮಾವ ಮಾತ್ರ ಹಾಳೆಗಳನ್ನು ತಾನೇ ಮಗುಚಿ ಕೊನೆಯದನ್ನು ಮೇಲಿಟ್ಟ. "ಇದು ನಿನ್ನೆಯದು. ಗೆರೆ ಕೂದಲೆಳೆಯಷ್ಟಿದೆ. ಆದರೂ ಇದೆ. ಇದಕ್ಕಿಂತ ಕಮ್ಮಿ ನನ್ನ ಕೈಲಿ ಆಗಲ್ಲ ಮೇಡಂ. ಈ ಕೂದಲೆಳೆ ತೆಗೆಯೋಕೆ ಘಟಕ ಬೇಕು. ಒಬ್ಬನೇ ಕಟ್ಟೋ ಶಕ್ತಿ ನನಗಿಲ್ಲ, ಹನ್ನೊಂದು ಜನ ಸೇರಿದ್ರೆ ಇದೆ. ನಮ್ಮ ಹುಡುಗಿ ಅದನ್ನೇ ಆ ಕಡೆ ಚೆನ್ನಾಗಿ ಬರೆದಿದಾಳೆ. ನಾನು ಪೂರ್ತಿ ಓದಿದೀನಿ."

ಅಧ್ಯಕ್ಷೆ ಸದಸ್ಯರ ಕಡೆ ತಿರುಗಿದರು. ಐದು ತಲೆಗಳು ಹತ್ತಿರವಾದವು, ದೂರವಾದವು. ಎಷ್ಟು ಸಂಕ್ಷಿಪ್ತವಾಗಿ ಎಂದರೆ ಸೋಪಿನಕ್ಕನಿಗೆ ಕಣ್ಣು ಮುಚ್ಚಿ ತೆರೆಯಲೂ ಸಮಯ ಸಿಗಲಿಲ್ಲ.

"ಜಂಟಿ ಘಟಕಕ್ಕೆ ಅನುಮತಿ ಇದೆ. ಅದು ಮುಗಿಯೋವರೆಗೆ ಎರಡು ವರ್ಷ ಯಾರೂ ಬಾಗಿಲು ಹಾಕಬೇಕಿಲ್ಲ. ಒಂದು ಷರತ್ತು. ಹನ್ನೊಂದು ಕಾರ್ಖಾನೆಗಳೂ ತಿಂಗಳಿಗೊಮ್ಮೆ ಇಂಥದ್ದೊಂದು ಪುರಾವೆ ಕಳಿಸಬೇಕು. ಕೆಟ್ಟ ದಿನದ್ದೂ ಸೇರಿಸಿ."

"ಮೇಡಂ, ಸೋಪಿನಲ್ಲಿ ಚುಕ್ಕೆ ಬರಲ್ಲ, ನೊರೆ ಬರುತ್ತೆ," ಎಂದಳು ಸೋಪಿನಕ್ಕ, ತಡೆಯಲಾರದೆ.

"ನೊರೆ ಕಳಿಸಬೇಡಿ," ಎಂದರು ಅಧ್ಯಕ್ಷೆ. ತುಟಿಯ ಒಂದು ಮೂಲೆ ಮಾತ್ರ ಸಡಿಲವಾಗಿತ್ತು. "ಆಯ್ತು, ಹೊರಡಿ."

ಸೋಪಿನಕ್ಕ ಪೇಟೆಯಲ್ಲಿ ಉಳಿದಳು. ಮಾವ, ಸೊಸೆ ಮಧ್ಯಾಹ್ನದ ಬಸ್ಸು ಹಿಡಿದರು. ಮಾವ ಚಪ್ಪಲಿ ಬಿಚ್ಚಿ ಕಾಲು ಚಾಚಿ, ಟಿಕೆಟ್ ಕೊಳ್ಳುವ ಮೊದಲೇ ನಿದ್ದೆ ಹೋದ. ಅವಳಿಗೆ ಬೈಯಲು ಇಡೀ ದಾರಿಯ ಸಮಯವಿತ್ತು, ಬೈಗುಳವೇ ಸಿಗಲಿಲ್ಲ.

ಕಾರ್ಖಾನೆಗಳ ರಸ್ತೆಗೆ ಬಸ್ಸು ಹೊರಳಿದಾಗ ಅವನಿಗೆ ತಾನಾಗಿ ಎಚ್ಚರವಾಯಿತು. ಕಿಟಕಿಯ ಗಾಜು ಸರಿಸಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ, ತೊಟ್ಟಿಯ ವಾಸನೆ ನೋಡುವಂತೆ ಹೊರಗಿನ ಗಾಳಿಯನ್ನು ಮೆಲ್ಲಗೆ ಮೂಗಿನ ಕಡೆಗೆ ಎರಡು ಸಲ ಬೀಸಿಕೊಂಡ.

"ಅಂಟಿನ ಕಾರ್ಖಾನೆಯೋರು ಇವತ್ತು ಬೇಗ ಶುರು ಮಾಡಿದಾರೆ," ಎಂದ.

"ಎಲ್ಲಿ?" ಎಂದು ಅವಳು ಅವನ ಹೆಗಲ ಮೇಲಿಂದ ಕೈ ಚಾಚಿ, ಅಂಗೈ ಬಾಗಿಸಿ, ಗಾಳಿಯನ್ನು ತನ್ನ ಕಡೆಗೆ ಕರೆದುಕೊಂಡಳು.