ಸಿಪಿಯು ಡಬ್ಬಕ್ಕೆ ಬಿಳಿ ಬಣ್ಣ

"ಒಳಗಡೆ ಮಾತ್ರ ಮಾವ. ಹೊರಗಡೆ ಮುಟ್ಟೋದೇ ಬೇಡ" ಎಂದು ಶಶಿರೇಖಾ ಮತ್ತೊಮ್ಮೆ ಹೇಳಿದಳು.

ಗಂಗಹನುಮಯ್ಯ ಕಂಪ್ರೆಸರ್ ಆಫ್ ಮಾಡಿ, ಮೂಗಿಗೆ ಕಟ್ಟಿದ್ದ ಟವೆಲನ್ನು ಕೆಳಗೆಳೆದುಕೊಂಡು, ಸೊಸೆ ಬೆಂಚಿನ ಮೇಲೆ ತಂದಿಟ್ಟ ಕಂಪ್ಯೂಟರ್ ಡಬ್ಬವನ್ನು ನೋಡಿದ. ಒಳಗಿನ ಸಾಮಾನನ್ನೆಲ್ಲ ಬಿಚ್ಚಿ ತೆಗೆದಿದ್ದಳು. ಬಚ್ಚಲ ಗೋಡೆಯ ಪಕ್ಕ ಇಟ್ಟಿದ್ದರಿಂದ ಮೂಲೆಮೂಲೆಯಲ್ಲೂ ತುಕ್ಕು ಹಿಡಿದಿತ್ತು.

"ಯಾವ್ ಬಣ್ಣ?"

"ಬಿಳಿ."

"ಒಳಗಡೆ ಯಾರವ್ವ ನೋಡ್ತಾರೆ?"

"ನಾನ್ ನೋಡ್ತೀನಲ್ಲ ಮಾವ. ತುಕ್ಕು ಉದುರಿ ಬೋರ್ಡ್ ಮೇಲೆ ಬೀಳ್ತೈತೆ. ಬಿಳೀದಾದ್ರೆ ಧೂಳು ಕೂತ್ರೂ ಗೊತ್ತಾಗುತ್ತೆ."

ಅವಳು ಹೋದ ಮೇಲೂ ಅವನು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತ. ಗುಬ್ಬಿಯಲ್ಲಿ ಬೀರು, ಮಂಚ, ಗೇಟುಗಳಿಗೆ ಬಣ್ಣ ಹೊಡೆದೇ ತಲೆ ನೆರೆಸಿಕೊಂಡವನು. ಹಳೆಯ ಸಾಮಾನು ಬಣ್ಣಕ್ಕೆ ಬಂದರೆ ಒಂದೋ ಮದುವೆಗೆ, ಇಲ್ಲವೇ ಮಾರಾಟಕ್ಕೆ ಎಂಬುದು ಅವನ ಅನುಭವ. ಎರಡಕ್ಕೂ ಬಣ್ಣ ಬೇಕಾಗುವುದು ಹೊರಗೆ. ಬೀರುವಿನ ಒಳಗೆ ಸ್ಪ್ರೇ ಗನ್ನಿನಲ್ಲಿ ಉಳಿದದ್ದನ್ನು ಹೊಡೆದು ಕೈತೊಳೆದುಕೊಳ್ಳುವುದು ವಾಡಿಕೆ. ಹೊರಗೆ ಬೇಡ, ಒಳಗೆ ಮಾತ್ರ ಎನ್ನುವ ಗಿರಾಕಿಯನ್ನು ಅವನು ಕಂಡೇ ಇರಲಿಲ್ಲ. ಅದರಲ್ಲೂ ಈ ಗಿರಾಕಿ ಭಾನುವಾರ ಮನೆ ಬಿಟ್ಟು ಹೋಗುವವಳು.

ಸೊಸೆ ಎನ್ನುವುದೂ ಈಗ ಬಾಯಿರೂಢಿಯ ಮಾತಷ್ಟೆ. ಮಗ ಇವಳನ್ನು ಬಿಟ್ಟು ತುಮಕೂರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಹೋದ ತಿಂಗಳು ಕೋರ್ಟಿನಲ್ಲಿ ಡೈವೋರ್ಸೂ ಆಗಿಹೋಯಿತು. ಇರಬೇಕಾದವನು ಹೋದ, ಬಂದವಳು ಉಳಿದಳು. ಒಳಕೋಣೆಯಲ್ಲಿ ಕೂತು ಮದುವೆ ಕಾರ್ಡು, ಫ್ಲೆಕ್ಸುಗಳನ್ನು ಡಿಸೈನ್ ಮಾಡಿ ಅಂಗಡಿಗಳಿಗೆ ಕಳಿಸುತ್ತಿದ್ದಳು. ಅತ್ತೆ ರೇವಮ್ಮ ಎಂದಿನಂತೆ ಅವಳ ಪಾಲಿನ ಕಾಫಿ ಸೋಸುತ್ತಿದ್ದಳು. ಇವಳು ನಮಗೆ ಈಗ ಏನಾಗಬೇಕು ಎಂದು ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೂ ಉತ್ತರ ಗೊತ್ತಿರಲಿಲ್ಲ.

ಈಗ ಕುಣಿಗಲ್ಲಿನಿಂದ ಅವಳ ಅಪ್ಪ ಅಂಜಿನಪ್ಪ ಫೋನ್ ಮಾಡಿದ್ದ. ಭಾನುವಾರ ಗಾಡಿ ತಂದು ಮಗಳನ್ನು ಸಾಮಾನು ಸಮೇತ ಕರೆದೊಯ್ಯುತ್ತಾನಂತೆ. ಅವಳು ಹೂಂ ಎಂದಿದ್ದಳು. ಮಗ ಹೋದಾಗ ಗಂಗಹನುಮಯ್ಯನಿಗೆ ಸಿಟ್ಟು ಬಂದಿತ್ತು. ಇವಳು ಹೋಗುತ್ತಾಳೆ ಎಂದರೆ ಕೈಕಾಲೇ ಆಡುತ್ತಿರಲಿಲ್ಲ. ಆದರೆ ಯಾವ ಮುಖ ಇಟ್ಟುಕೊಂಡು ಇರು ಎನ್ನುವುದು? ಅವಳ ಬಾಳು ಕೆಡಿಸಿದವನು ತನ್ನ ಮಗನೇ ತಾನೆ?

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಬಾಯಿಬಿಟ್ಟ. "ಹೋಗೋಳಾದ್ರೆ ಬಣ್ಣ ಯಾಕ್ ಹೊಡಿಸ್ತಾಳೆ?"

"ಅಪ್ಪನ ಮನೆಗೆ ಚೆಂದಾಗಿ ತಗಂಡ್ ಹೋಗಾನ ಅಂತಿರ್ಬೇಕು" ಎಂದಳು ರೇವಮ್ಮ.

"ಚೆಂದಕ್ಕಾದ್ರೆ ಹೊರಗಡೆ ಹೊಡಿಸ್ಬೇಕಲ್ಲ?"

"ಹಂಗಾದ್ರೆ ಇಲ್ಲೇ ಇರಾಕೇನೋ."

"ಇರಾಕೆ ಅಂದ್ರೆ ಅವರಪ್ಪನಿಗೆ ಹೂಂ ಯಾಕಂದ್ಳು?"

"ನನ್ನೇನ್ ಕೇಳ್ತೀರಾ? ಅವಳ್ನೇ ಕೇಳಿ."

"ನೀನೇ ಕೇಳು. ನೀನು ಹೆಂಗಸು."

ರೇವಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಇಬ್ಬರಿಗೂ ಕೇಳುವ ಧೈರ್ಯವಿರಲಿಲ್ಲ.

ಕೈ ತೊಳೆಯುವಷ್ಟರಲ್ಲಿ ಗಂಗಹನುಮಯ್ಯ ಒಂದು ನಿರ್ಧಾರಕ್ಕೆ ಬಂದಿದ್ದ. ಹೋಗಲಿ, ಇರಲಿ, ಇಂಥ ಕೆಲಸವನ್ನು ಅವಳು ಎಲ್ಲೂ ನೋಡಿರಬಾರದು. ಶೆಡ್ಡಿಗೆ ಬಂದವನೇ ಉಪ್ಪು ಕಾಗದ ಹಿಡಿದು ತುಕ್ಕನ್ನು ಉಜ್ಜಿದ. ರೆಡ್ ಆಕ್ಸೈಡ್ ಹಚ್ಚಿದ. ಡಬ್ಬದ ಒಳಗೆ ಎಲ್ಲಿ ನೋಡಿದರೂ ತೂತುಗಳು. ಹಳೆಯ ಬೀರುವಿಗೆ ತೂತು ಉಳಿಸಿ ಬಣ್ಣ ಹೊಡೆದರೆ ಅವನು ಕೆಲಸಗಾರನೇ ಅಲ್ಲ ಎಂದು ಕೆಲಸ ಕಲಿಸಿದವರು ತಲೆಗೆ ಮೊಟಕಿ ಹೇಳಿದ್ದರು. ಒಂದೊಂದಕ್ಕೂ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಬೆರಳಿಗೆ ತಿಳಿಯದ ಹಾಗೆ ಉಜ್ಜಿ, ಮೇಲೆ ಬಿಳಿ ಬಣ್ಣ ಹೊಡೆದ. ಸಂಜೆಗೆ ಡಬ್ಬದ ಒಳಗು ಮೊಟ್ಟೆಯ ಸಿಪ್ಪೆಯಂತೆ ನುಣ್ಣಗಾಗಿತ್ತು. ಎಷ್ಟೋ ದಿನಗಳ ಮೇಲೆ ಅವನಿಗೆ ತನ್ನ ಕೆಲಸ ಕಂಡು ಖುಷಿಯಾಯಿತು.

ಶನಿವಾರ ಬೆಳಿಗ್ಗೆ ಶಶಿರೇಖಾ ಬಂದು ಬಗ್ಗಿ ನೋಡಿದಳು. ಒಳಗೆ ಕೈಯಾಡಿಸಿದಳು.

"ಮಾವ, ತೂತುಗಳೆಲ್ಲಿ?"

"ಮುಚ್ದೆ ಕಣವ್ವ. ಒಂದೂ ಬುಟ್ಟಿಲ್ಲ."

"ಸ್ಕ್ರೂ ಹಾಕೋದೇ ಅವಕ್ಕಲ್ವಾ ಮಾವ. ಬೋರ್ಡು, ಫ್ಯಾನು, ಎಲ್ಲಾ ಅವುಕ್ಕೇ ಕೂರ್ಬೇಕು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಗಂಗಹನುಮಯ್ಯ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತ. ಅವಳು ಬೋರಲು ಹಾಕಿದ್ದ ಬಣ್ಣದ ಬಕೆಟ್ಟಿನ ಮೇಲೆ ಕೂತು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು. ಹೆಗಲು ಅಲುಗುತ್ತಿತ್ತು. ಕೋರ್ಟಿನಲ್ಲೂ ಕಣ್ಣೀರು ಹಾಕದವಳು ಇದಕ್ಕೆ ಅಳುತ್ತಾಳೆಯೇ ಎಂದು ಅವನು ಹೆದರಿದ. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಅತ್ತಳೋ ನಕ್ಕಳೋ ಅವನಿಗೆ ಕೊನೆಗೂ ತಿಳಿಯಲಿಲ್ಲ.

"ಮೊಳೆ ಐತಾ ಮಾವ, ಸಣ್ಣದು?" ಎಂದಳು.

ಇಬ್ಬರೂ ಡಬ್ಬವನ್ನು ನಡುವೆ ಇಟ್ಟುಕೊಂಡು ಕೂತರು. ಯಾವುದು ಎಲ್ಲಿತ್ತು ಎಂದು ಅವಳು ಉಗುರಿನಿಂದ ಗುರುತು ಮಾಡಿದಲ್ಲಿ ಅವನು ಮೊಳೆಯಿಂದ ಕೊರೆಯುತ್ತಿದ್ದ. "ಇದು ಫ್ಯಾನಿಂದು. ಇದು ಹಾರ್ಡ್ ಡಿಸ್ಕಿಂದು. ನಿಧಾನ ಮಾವ, ಸ್ಕ್ರೂ ಥ್ರೆಡ್ ಕೆಟ್ಟೋಗುತ್ತೆ." ಮನೆಗೆ ಬಂದ ಹೊಸದರಲ್ಲಿ ಅವಳು ಇಷ್ಟು ಮಾತಾಡುತ್ತಿದ್ದಳು. ತೂತುಗಳು ಇನ್ನಷ್ಟು ಇರಬಾರದಿತ್ತೇ ಎಂದು ಅವನಿಗೆ ಅನ್ನಿಸಿತು. ಹೀಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಕೊನೆಯದೊಂದು ಉಳಿದಿರುವಾಗ ಅವಳ ಫೋನು ಹೊಡೆದುಕೊಂಡಿತು. ಅಂಜಿನಪ್ಪನದು ಫೋನಿಲ್ಲದಿದ್ದರೂ ಕುಣಿಗಲ್ಲಿನಿಂದ ಗುಬ್ಬಿಗೆ ಕೇಳಿಸುವಂಥ ಗಂಟಲು.

"ನಾಳೆ ಬೆಳಿಗ್ಗೆನೇ ಬರ್ತೀನಿ ಕಣವ್ವ. ಎಲ್ಲಾ ಕಟ್ಟಿಟ್ಟಿದೀಯ?"

"ಇಲ್ಲಪ್ಪ. ಮಾವ ಕಂಪ್ಯೂಟರ್‌ದು ತೂತೆಲ್ಲ ಮುಚ್ಚಿಬಿಟ್ಟವ್ರೆ. ಜೋಡ್ಸಕ್ಕೇ ಆಗ್ತಿಲ್ಲ. ನಾಳೆ ಬರ್ಬೇಡ."

"ಮತ್ ಯಾವಾಗ?"

"ಹೇಳ್ತೀನಿ ಬಿಡಪ್ಪ."

ಗಂಗಹನುಮಯ್ಯ ಡಬ್ಬದೊಳಗೆ ನೋಡಿದ. ಅವಳು ಮಾತಾಡುತ್ತಲೇ ಮೊಳೆ ಎತ್ತಿಕೊಂಡು ಕೊನೆಯ ತೂತನ್ನೂ ಬಿಡಿಸಿ ಮುಗಿಸಿದ್ದಳು. ಅವನ ತಲೆ ಮತ್ತೆ ಗೋಜಲಾಯಿತು. ಇದು ತನ್ನ ಮೇಲಿನ ದೂರೋ, ಇನ್ನೇನೋ?

"ತೂತೆಲ್ಲಾ ಬುಟ್ಕಂಡ್ವಲ್ಲವ್ವ" ಎಂದ ಮೆಲ್ಲಗೆ.

"ಹೂಂ ಮಾವ." ಅವಳು ತಲೆಯೆತ್ತದೆ ಪುಟ್ಟಿಯ ಪುಡಿಯನ್ನು ಊದಿದಳು. "ಆದ್ರೆ ಸುತ್ತ ಗೀರು ಬಿದ್ದೈತೆ ನೋಡಿ. ಇನ್ನೊಂದ್ ಸಲ ಹೊಡೀಬೇಕೇನೋ."

ಕೇಳಬೇಕೆಂದಿದ್ದ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಹೊಡೀಬೇಕು" ಎಂದ.

"ಒಣಗಾಕೆ ಎಷ್ಟ್ ಹೊತ್ತು ಹಿಡೀತೈತೆ?"

ಅವನು ಹೊಡೆಯುವ ಬಣ್ಣ ಟೀ ಕುಡಿದು ಬರುವಷ್ಟರಲ್ಲಿ ಒಣಗುತ್ತದೆ ಎಂಬುದು ಗುಬ್ಬಿಗೆಲ್ಲ ಗೊತ್ತು. ಅದೇ ಮನೆಯಲ್ಲಿ ಇರುವ ಅವಳಿಗೂ ಗೊತ್ತು.

"ಹೇಳಾಕಾಗಲ್ಲ ಕಣವ್ವ" ಎಂದ ಗಂಗಹನುಮಯ್ಯ, ಗನ್ನಿಗೆ ಬಣ್ಣ ಸುರಿಯುತ್ತ. "ಮೋಡ ಐತೆ."

ಶಶಿರೇಖಾ ಬಾಗಿಲಾಚೆ ನೋಡಿದಳು. "ಹೌದು ಮಾವ" ಎಂದಳು.

ಹೊರಗೆ ರೇವಮ್ಮ ಹಳೆಯ ಸೀರೆಯ ಮೇಲೆ ಹರವಿದ್ದ ಮೆಣಸಿನಕಾಯಿ ಸುಡುಬಿಸಿಲಿಗೆ ಗರಿಗರಿಯಾಗಿ ಒಣಗುತ್ತಿತ್ತು.